ಜೂಪಿಟರ್‌ನ ಬಿರುದುಗಳನ್ನು ಓದುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಪ್ರಾಚೀನ ರೋಮ್ ಬಗ್ಗೆ ಓದಲು ಕೂತವರಿಗೆ ಬೇಗನೆ ಎದುರಾಗುವ ತೊಡಕು ಇದು: ದೇವರು ಒಬ್ಬ, ಹೆಸರು ಹತ್ತಾರು. ಸ್ಟಾಟರ್, ಟೊನಾನ್ಸ್, ಫೆರೆಟ್ರಿಯಸ್, ಎಲಿಸಿಯಸ್, ಪಿಸ್ಟರ್, ಡಪಾಲಿಸ್, ಲೂಸೆಟಿಯಸ್. ಎಲ್ಲವೂ ರೋಮನ್ನರ ಆಕಾಶದೇವರಾದ ಜೂಪಿಟರ್‌ಗೆ ಅಂಟಿಕೊಂಡೇ ಬರುತ್ತವೆ. ಒಂದು ಪಟ್ಟಿ ಮಾಡಿ ಎದುರಿಗೆ ಅರ್ಥ ಬರೆದಿಟ್ಟುಕೊಂಡರೆ ಕೆಲಸ ಮುಗಿಯಿತು ಎಂದು ಅನ್ನಿಸುವುದು ಸಹಜ. ಆದರೆ ‘ಸ್ಟಾಟರ್ ಅಂದರೆ ನಿಲ್ಲಿಸುವವನು’ ಎಂದು ಬರೆದುಕೊಂಡು, ಯಾರನ್ನು ನಿಲ್ಲಿಸಿದ, ಎಲ್ಲಿ, ಯಾವ ಹೊತ್ತಿನಲ್ಲಿ ಎಂದು ಕೇಳದೇ ಹೋದರೆ ಆ ಬಿರುದು ಕೈಗೆ ಸಿಕ್ಕಂತೆ ಆಗುವುದಿಲ್ಲ.

ಈ ಬಿರುದುಗಳಲ್ಲಿ ಬರೀ ಹೊಗಳಿಕೆಗೆ ಹುಟ್ಟಿದವು ಕಡಿಮೆ. ಬಹುಪಾಲು ಒಂದು ಸಂಕಟದಲ್ಲಿ, ಒಂದು ಬೇಡಿಕೆಗಾಗಿ ದೇವರನ್ನು ಕೂಗಿದ ಹೆಸರುಗಳು. ಹಾಗಾಗಿ ಪ್ರತಿ ಬಿರುದಿನ ಹಿಂದೆ ಕೂಗಿದವರು ಯಾರು ಎಂದು ಹುಡುಕುವುದೇ ಇಲ್ಲಿ ನಾವು ಮಾಡುವ ಕೆಲಸ. ಲ್ಯಾಟಿನ್ ಬಾರದಿದ್ದರೂ ಚಿಂತೆಯಿಲ್ಲ; ಶಾಲೆಯಲ್ಲಿ ಕಲಿತ ವಿಭಕ್ತಿಗಳು ನೆನಪಿದ್ದರೆ ಸಾಕು. ಇಂಗ್ಲೆಂಡಿನ ಒಂದು ರೋಮನ್ ಬಲಿಪೀಠದ ಮೇಲಿನ ಬರಹವನ್ನು ಕೊನೆಯ ಹೊತ್ತಿಗೆ ನೀವೇ ಓದುತ್ತೀರಿ.

1. ಮೊದಲು ಹೆಸರು, ಆಮೇಲೆ ಬಿರುದು

ಜೂಪಿಟರ್ ಎನ್ನುವುದು ನಮಗೆ ಇಂಗ್ಲಿಷಿನ ಮೂಲಕ ಬಂದ ಉಚ್ಚಾರ. ರೋಮನ್ನರ ಲಿಪಿಯಲ್ಲಿ ‘ಜೆ’ ಅಕ್ಷರವೇ ಇರಲಿಲ್ಲ. ಅವರು ‘ಐ’ ಬರೆದು, ಮುಂದೆ ಸ್ವರ ಬಂದಾಗ ಅದನ್ನು ‘ಯ’ ಎಂದು ಓದುತ್ತಿದ್ದರು. ಅವರ ಬಾಯಲ್ಲಿ ಈತ ಯುಪ್ಪಿಟೆರ್. ಒಡೆದರೆ ಎರಡು ತುಂಡು: ಮೊದಲನೆಯದು ಆಕಾಶ, ಎರಡನೆಯದು ತಂದೆ. ಋಗ್ವೇದದ ‘ದ್ಯೌಷ್ಪಿತಃ’ ಮತ್ತು ಗ್ರೀಕರ ‘ಜ್ಯೂಸ್ ಪಾಟೆರ್’ ಇದೇ ಬೇರಿನಿಂದ ಬಂದವು. ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಯುಪ್ಪಿಟೆರ್ ಎನ್ನುವ ರೂಪ ಮೂಲದಲ್ಲಿ ಸಂಬೋಧನೆ. ‘ಓ ಆಕಾಶ ತಂದೆಯೇ’ ಎಂದು ಕೂಗಿ ಕೂಗಿ, ಆ ಕೂಗೇ ಹೆಸರಾಗಿ ನಿಂತುಬಿಟ್ಟಿದೆ.

ಓದುವಾಗ ನೆನಪಿಡಬೇಕಾದ ರೂಪಗಳು ಮೂರು. ಪ್ರಥಮಾ ವಿಭಕ್ತಿಯಲ್ಲಿ ಯುಪ್ಪಿಟೆರ್, ಷಷ್ಠಿಯಲ್ಲಿ ಯೊವಿಸ್ (ಜೂಪಿಟರ್‌ನ), ಚತುರ್ಥಿಯಲ್ಲಿ ಯೊವಿ (ಜೂಪಿಟರ್‌ಗೆ). ಬಲಿಪೀಠವೋ ಕಾಣಿಕೆಯೋ ಆಗಿದ್ದರೆ ಅದು ದೇವರಿಗೆ ಕೊಟ್ಟದ್ದು. ಆದ್ದರಿಂದ ಅಲ್ಲಿ ಹೆಚ್ಚಾಗಿ ಕಾಣುವುದು ‘ಯೊವಿ’. ಹೆಸರಿನ ಜೊತೆಗೆ ಬಿರುದೂ ವಿಭಕ್ತಿ ಬದಲಿಸುತ್ತದೆ. ಸ್ಟಾಟರ್ ‘ಸ್ಟಾಟೋರಿ’ ಆಗುತ್ತದೆ, ಟೊನಾನ್ಸ್ ‘ಟೊನಾಂಟಿ’ ಆಗುತ್ತದೆ, ಆಪ್ಟಿಮಸ್ ‘ಆಪ್ಟಿಮೋ’ ಆಗುತ್ತದೆ. ಹೊಸಬರು ಇವನ್ನು ಬೇರೆ ಬೇರೆ ದೇವರುಗಳೆಂದು ಎಣಿಸಿಬಿಡುವುದುಂಟು.

ನಮ್ಮವರಿಗೆ ಮಾತ್ರ ಬೇಕಾದ ಒಂದು ಎಚ್ಚರಿಕೆಯೂ ಇದೆ. ಜೂಪಿಟರ್ ಗ್ರಹವನ್ನು ನಾವು ಗುರು ಎನ್ನುತ್ತೇವೆ, ರೋಮನ್ನರ ‘ಯೊವಿಸ್’ ದಿನ ನಮ್ಮ ಗುರುವಾರ. ಈ ಹೊಂದಿಕೆ ಆದದ್ದು ಜ್ಯೋತಿಷದ ದಾರಿಯಲ್ಲಿ. ದೇವಗುರು ಬೃಹಸ್ಪತಿಯ ಗುಣಗಳನ್ನು ತಂದು ರೋಮಿನ ಗುಡುಗಿನ ದೇವರ ಮೇಲೆ ಹೊರಿಸಿದರೆ ಮುಂದಿನ ಯಾವ ಬಿರುದೂ ಅರ್ಥವಾಗುವುದಿಲ್ಲ.

2. ಬಿರುದಿನ ಬಾಲ ಹಿಡಿಯಿರಿ

ಲ್ಯಾಟಿನ್ ಪದದ ಕೊನೆ ನೋಡಿದರೆ ಅದು ಯಾವ ಜಾತಿಯ ಬಿರುದು ಎಂದು ಅರ್ಧ ತಿಳಿದಂತೆ.

‘ಟರ್’ ಎಂದು ಮುಗಿದರೆ ಸಾಮಾನ್ಯವಾಗಿ ಅದು ಕೆಲಸ ಮಾಡುವವನ ಹೆಸರು. ನಮ್ಮ ಕರ್ತೃ, ದಾತೃ ಪದಗಳ ‘ತೃ’ ಪ್ರತ್ಯಯದ ಸೋದರ ಇದು. ಸ್ಟಾಟರ್‌ನಲ್ಲಿರುವ ಧಾತು ಸಂಸ್ಕೃತದ ‘ಸ್ಥಾ’ ಧಾತುವಿನ ನೆಂಟ. ವಿಕ್ಟರ್ ಗೆಲ್ಲುವವನು, ಕಾನ್ಸರ್ವೇಟರ್ ಕಾಪಾಡಿದವನು. ‘ಆನ್ಸ್’ ಎಂದು ಮುಗಿದರೆ ಕ್ರಿಯೆ ನಡೆಯುತ್ತಲೇ ಇದೆ. ಟೊನಾನ್ಸ್ ಎಂದರೆ ಗುಡುಗುತ್ತಿರುವವನು. ಹಳಗನ್ನಡ ಕಾವ್ಯ ಓದಿದವರಿಗೆ ಗೊತ್ತಿರುವ ‘ಸ್ತನಿತ’, ಅಂದರೆ ಗುಡುಗು, ಇದರ ದೂರದ ದಾಯಾದಿ. ‘ಆಲಿಸ್’ ಅಥವಾ ‘ಆರಿಸ್’ ಬಂದರೆ ಅದು ಸಂಬಂಧ ಸೂಚಿಸುತ್ತದೆ. ‘ಡಾಪ್ಸ್’ ಎಂದರೆ ದೇವರಿಗೆ ಬಡಿಸುವ ಊಟ, ಡಪಾಲಿಸ್ ಎಂದರೆ ಆ ಊಟಕ್ಕೆ ಸೇರಿದವನು.

ಕೆಲವು ಬಿರುದುಗಳಿಗೆ ಪ್ರತ್ಯಯವೇ ಇಲ್ಲ. ಯುಪ್ಪಿಟೆರ್ ಫುಲ್ಗುರ್, ಯುಪ್ಪಿಟೆರ್ ಲಾಪಿಸ್. ಫುಲ್ಗುರ್ ಎಂದರೆ ಮಿಂಚು, ಲಾಪಿಸ್ ಎಂದರೆ ಕಲ್ಲು. ಇಲ್ಲಿ ದೇವರು ಮಿಂಚನ್ನು ಕಳಿಸುವವನಲ್ಲ, ಮಿಂಚೇ ಅವನು. ಇಂಥ ಕಡೆ ‘ಮಿಂಚಿನ ದೇವರು’ ಎಂದು ಅನುವಾದಿಸದೆ ‘ಮಿಂಚು ಜೂಪಿಟರ್’ ಎಂದೇ ಇಡುವುದು ಸರಿ ಎಂಬುದು ನನ್ನ ಅಭಿಪ್ರಾಯ.

ಎಲ್ಲಕ್ಕಿಂತ ಹೆಚ್ಚು ಸಲ ಕಾಣುವ ಆಪ್ಟಿಮಸ್ ಮ್ಯಾಕ್ಸಿಮಸ್ ಮಾತ್ರ ‘ಅತ್ಯುತ್ತಮ, ಅತ್ಯುನ್ನತ’ ಎಂಬ ನೇರ ಹೊಗಳಿಕೆ. ಮ್ಯಾಕ್ಸಿಮಸ್‌ನಲ್ಲಿ ನಮ್ಮ ‘ಮಹತ್’ ಇದೆ. ಇಲ್ಲಿ ಪದಗಳ ಅನುಕ್ರಮವನ್ನು ಗಮನಿಸಬೇಕು. ರೋಮಿನ ವಾಗ್ಮಿ, ಲೇಖಕ ಸಿಸೆರೊ ಇದಕ್ಕೆ ಕಾರಣ ಕೊಡುತ್ತಾನೆ: ದೊಡ್ಡ ಸಂಪತ್ತು ಇರುವುದಕ್ಕಿಂತ ಎಲ್ಲರಿಗೂ ಒಳಿತು ಮಾಡುವುದು ದೊಡ್ಡದು, ಆದ್ದರಿಂದ ‘ಉತ್ತಮ’ ಮೊದಲು, ‘ಮಹಾ’ ಆಮೇಲೆ. ಈ ಬಿರುದಿನ ಮನೆ ರೋಮಿನ ಕ್ಯಾಪಿಟೊಲೈನ್ ಬೆಟ್ಟದ ಮಹಾದೇವಾಲಯ. ಸಂಪ್ರದಾಯದ ಪ್ರಕಾರ ಅದರ ಪ್ರತಿಷ್ಠೆ ಆದದ್ದು ಕ್ರಿ.ಪೂ. 509ರಲ್ಲಿ, ಗಣರಾಜ್ಯದ ಮೊದಲ ವರ್ಷದಲ್ಲಿ, ಸೆಪ್ಟೆಂಬರ್ 13ರಂದು. ಜೂಪಿಟರ್‌ನ ಜೊತೆ ಅಲ್ಲಿ ಜೂನೊ, ಮಿನರ್ವಾ ಇದ್ದರು. ಕ್ರಿ.ಪೂ. 83ರಲ್ಲಿ, ಕ್ರಿ.ಶ. 69ರಲ್ಲಿ, ಮತ್ತೆ 80ರಲ್ಲಿ ಸುಟ್ಟುಹೋದರೂ ಪ್ರತಿ ಸಲ ಅದೇ ಜಾಗದಲ್ಲಿ, ಅದೇ ಬಿರುದಿಗೆ ಕಟ್ಟಿದರು.

3. ಹರಕೆ ಹುಡುಕಿ

ರೋಮನ್ ಪುರೋಹಿತರ ಒಂದು ಪ್ರಾರ್ಥನೆಯ ಸಾಲನ್ನು ಸರ್ವಿಯಸ್ ಎಂಬ ವ್ಯಾಖ್ಯಾನಕಾರ ಉಳಿಸಿಕೊಟ್ಟಿದ್ದಾನೆ. ಜೂಪಿಟರ್ ಆಪ್ಟಿಮಸ್ ಮ್ಯಾಕ್ಸಿಮಸ್ ಎಂದು ಕರೆದ ಮೇಲೆ, ಇನ್ನಾವುದೇ ಹೆಸರಿನಿಂದ ಕರೆಸಿಕೊಳ್ಳಲು ನಿನಗೆ ಇಷ್ಟವಿದ್ದರೆ ಆ ಹೆಸರಿನಿಂದ, ಎಂದು ಅದು ಮುಂದುವರಿಯುತ್ತದೆ. ತಪ್ಪು ಹೆಸರಿನಿಂದ ಕೂಗಿದರೆ ದೇವರಿಗೆ ಮುಟ್ಟುವುದಿಲ್ಲ ಎಂಬ ಅಂಜಿಕೆ ಈ ಸಾಲಿನಲ್ಲಿದೆ. ಹೀಗಾಗಿ ಸಂದರ್ಭಕ್ಕೆ ತಕ್ಕ ಹೆಸರು ಬೇಕಿತ್ತು. ಯುದ್ಧಭೂಮಿಯಲ್ಲಿ ಹರಕೆ ಹೊರುವ ಸೇನಾನಿ ‘ಇದನ್ನು ನಡೆಸಿಕೊಟ್ಟರೆ ನಿನಗೆ ಗುಡಿ ಕಟ್ಟಿಸುತ್ತೇನೆ’ ಎನ್ನುವಾಗ ದೇವರಿಂದ ಏನು ಬೇಕೋ ಅದೇ ಬಿರುದಾಗುತ್ತಿತ್ತು.

ಸ್ಟಾಟರ್ ಇದಕ್ಕೆ ಒಳ್ಳೆಯ ಪಾಠ. ನೆರೆಯ ಸಬೈನರ ಜೊತೆಗಿನ ಕಾಳಗದಲ್ಲಿ ರೋಮನ್ನರು ಬೆನ್ನು ತೋರಿಸಿ ಓಡುತ್ತಿದ್ದಾರೆ. ರೋಮ್ ಸ್ಥಾಪಿಸಿದನೆಂದು ಕಥೆ ಹೇಳುವ ರಾಜ ರೊಮುಲಸ್ ಆಯುಧಗಳನ್ನು ಮೇಲೆತ್ತಿ, ಈ ನಾಚಿಕೆಗೇಡಿನ ಓಟವನ್ನು ನಿಲ್ಲಿಸು, ಇಲ್ಲೇ ನಿನಗೆ ಗುಡಿ ಕಟ್ಟುತ್ತೇನೆ ಎಂದು ಹರಕೆ ಹೊರುತ್ತಾನೆ. ಸೈನ್ಯ ತಿರುಗಿ ನಿಲ್ಲುತ್ತದೆ. ಅಂದರೆ ಸ್ಟಾಟರ್ ನಿಲ್ಲಿಸಿದ್ದು ಶತ್ರುವನ್ನಲ್ಲ, ಓಡುತ್ತಿದ್ದ ಸ್ವಂತ ಜನರನ್ನು. ನಿಘಂಟಿನ ಅರ್ಥ ಹಿಡಿದು ಹೊರಟವರಿಗೆ ಕೈತಪ್ಪುವುದು ಇದೇ. ನಿಜವಾದ ಗುಡಿಯ ಕಥೆ ತಡವಾಗಿ ಬರುತ್ತದೆ. ಕ್ರಿ.ಪೂ. 294ರಲ್ಲಿ ಸ್ಯಾಮ್ನೈಟರ ಎದುರು ಅದೇ ಪರಿಸ್ಥಿತಿ ಬಂದಾಗ ಕಾನ್ಸಲ್ (ಗಣರಾಜ್ಯದ ಅತ್ಯುನ್ನತ ಅಧಿಕಾರಿ) ಮಾರ್ಕಸ್ ಅಟಿಲಿಯಸ್ ರೆಗುಲಸ್ ಅದೇ ಹರಕೆಯನ್ನು ಮತ್ತೆ ಹೊತ್ತ. ರೊಮುಲಸ್‌ನ ಕಾಲದಿಂದ ಜಾಗ ಮಾತ್ರ ಪವಿತ್ರವಾಗಿತ್ತು, ಕಟ್ಟಡ ಇರಲಿಲ್ಲ ಎಂದು ಇತಿಹಾಸಕಾರ ಲಿವಿ ಎರಡೂ ಕಥೆಗಳನ್ನು ಹೊಂದಿಸುತ್ತಾನೆ.

ಈಗ ಕ್ರಿ.ಪೂ. 63ರ ನವೆಂಬರ್‌ಗೆ ಬನ್ನಿ. ಕ್ಯಾಟಿಲಿನ್‌ನ ಪಿತೂರಿಯನ್ನು ಬಯಲಿಗೆಳೆಯಲು ಕಾನ್ಸಲ್ ಸಿಸೆರೊ ಸೆನೆಟ್ ಸಭೆ ಕರೆದದ್ದು ಮಾಮೂಲಿ ಸಭಾಂಗಣದಲ್ಲಿ ಅಲ್ಲ, ಸ್ಟಾಟರ್‌ನ ಗುಡಿಯಲ್ಲಿ. ಭಾಷಣ ಮುಗಿಯುವುದೂ ಈ ದೇವರನ್ನು ಕೂಗಿಯೇ. ನಗರ ಕುಸಿಯುತ್ತಿದೆ, ನಿಲ್ಲಿಸು ಎಂಬ ಮಾತನ್ನು ಅವನು ಬಾಯಿ ತೆರೆಯುವ ಮೊದಲೇ ಆ ಜಾಗ ಹೇಳಿಬಿಟ್ಟಿತ್ತು. ಬಿರುದು ಹುಟ್ಟಿದ ಗಳಿಗೆ ಗೊತ್ತಿದ್ದರೆ ಮಾತ್ರ ಇದು ಕೇಳಿಸುತ್ತದೆ.

ವಿಕ್ಟರ್‌ನದು ಸರಳ ಕಥೆ. ಕ್ರಿ.ಪೂ. 295ರಲ್ಲಿ ಸೆಂಟಿನಮ್ ಕದನದಲ್ಲಿ ಫೇಬಿಯಸ್ ಮ್ಯಾಕ್ಸಿಮಸ್ ರುಲ್ಲಿಯಾನಸ್ ಹರಕೆ ಹೊತ್ತ, ಗೆದ್ದ, ಗುಡಿ ಬಂತು.

ವಿಂಡೆಕ್ಸ್, ಅಂದರೆ ಸೇಡು ತೀರಿಸುವವನು, ಅಷ್ಟು ಸರಳವಲ್ಲ. ಕ್ರಿ.ಶ. 65ರಲ್ಲಿ ಚಕ್ರವರ್ತಿ ನೀರೋನನ್ನು ಕೊಲ್ಲುವ ಸಂಚು ಬಯಲಾಯಿತು. ಅದಕ್ಕೆಂದು ಇಟ್ಟಿದ್ದ ಕಠಾರಿಯನ್ನು ನೀರೋ ‘ಯೊವಿ ವಿಂಡಿಸಿ’ ಎಂದು ಬರೆಸಿ ಕ್ಯಾಪಿಟಲ್‌ನಲ್ಲಿ, ಅಂದರೆ ಕ್ಯಾಪಿಟೊಲೈನ್ ಬೆಟ್ಟದಲ್ಲಿ, ಅರ್ಪಿಸಿದ. ಆಗ ಯಾರೂ ಅದನ್ನು ಗಮನಿಸಲಿಲ್ಲ. ಮೂರು ವರ್ಷದ ನಂತರ ಗಾಲ್ (ಈಗಿನ ಫ್ರಾನ್ಸ್) ಪ್ರಾಂತದಲ್ಲಿ ನೀರೋನ ವಿರುದ್ಧ ದಂಗೆಯೆದ್ದ ಅಧಿಕಾರಿಯ ಹೆಸರು ಜೂಲಿಯಸ್ ವಿಂಡೆಕ್ಸ್. ಆ ದಂಗೆಯಿಂದ ಶುರುವಾದದ್ದು ನೀರೋನ ಸಾವಿನಲ್ಲಿ ಮುಗಿಯಿತು. ಬಳಿಕ ಜನ ಆ ಬರಹವನ್ನು ಶಕುನವೆಂದು ಓದಿದರು ಎಂದು ಇತಿಹಾಸಕಾರ ಟಾಸಿಟಸ್ ಬರೆಯುತ್ತಾನೆ.

ಹರಕೆ ಎಂದರೆ ಸೇನಾನಿ, ಚಕ್ರವರ್ತಿ ಎಂದಷ್ಟೇ ಅಲ್ಲ. ಕ್ರಿ.ಪೂ. ಎರಡನೇ ಶತಮಾನದ ಕ್ಯಾಟೊ ಬರೆದ ಬೇಸಾಯದ ಪುಸ್ತಕದಲ್ಲಿ ಜೂಪಿಟರ್ ಡಪಾಲಿಸ್‌ಗೆ ಊಟ ಬಡಿಸುವ ವಿಧಿ ಇದೆ. ಒಂದು ಬಟ್ಟಲು ದ್ರಾಕ್ಷಾರಸ ಇಟ್ಟು, ಕೈ ತೊಳೆದು, ನನ್ನ ಮನೆಯಲ್ಲಿ ನಿನಗೆ ಸಲ್ಲಬೇಕಾದ ಈ ಊಟವನ್ನು ಸ್ವೀಕರಿಸು ಎಂದು ರೈತ ಹೇಳಬೇಕು. ಅದು ಎತ್ತುಗಳಿಗಾಗಿ ಮಾಡುವ ಪೂಜೆ, ಅಂದು ಎತ್ತುಗಳಿಗೂ ಅವನ್ನು ಹೊಡೆಯುವವರಿಗೂ ರಜೆ. ಊಟ ಅರ್ಪಿಸಿದ ಮೇಲೆಯೇ ನವಣೆಯಂಥ ಕಿರುಧಾನ್ಯ, ಬೆಳ್ಳುಳ್ಳಿ, ಮಸೂರವನ್ನು ಬಿತ್ತಬೇಕು. ಗುಡಿಯಿಲ್ಲ, ಪುರೋಹಿತನಿಲ್ಲ. ಮಳೆ ಬರಿಸುವ ಆಕಾಶಕ್ಕೂ ಹೊಲ ಉಳುವವನಿಗೂ ಮಾತ್ರ ನಡೆಯುವ ವ್ಯವಹಾರ ಇದು. ಜೂಪಿಟರ್‌ನ ಎಲ್ಲ ಬಿರುದುಗಳಲ್ಲಿ ನನಗೆ ಅತ್ಯಂತ ಹತ್ತಿರವಾದದ್ದು ಡಪಾಲಿಸ್.

4. ಮಿಂಚು, ಗುಡುಗು, ಸಿಡಿಲು: ಮೂರನ್ನೂ ಬೆರೆಸಬೇಡಿ

ಇಲ್ಲಿ ಕನ್ನಡ ಓದುಗರಿಗೆ ಒಂದು ಅನುಕೂಲವಿದೆ. ಲ್ಯಾಟಿನ್‌ನ ಫುಲ್ಗುರ್, ಟೊನಿಟ್ರುಸ್, ಫುಲ್ಮೆನ್ ಪದಗಳಿಗೆ ನಮ್ಮಲ್ಲಿ ಮಿಂಚು, ಗುಡುಗು, ಸಿಡಿಲು ಸಿದ್ಧವಾಗಿವೆ. ಹೊಳೆದದ್ದು ಮಿಂಚು, ಕೇಳಿಸಿದ್ದು ಗುಡುಗು, ಬಡಿದದ್ದು ಸಿಡಿಲು. ರೋಮನ್ ಬರಹಗಾರರೂ ಕೆಲವೊಮ್ಮೆ ಮೊದಲನೆಯದನ್ನೂ ಮೂರನೆಯದನ್ನೂ ಅದಲುಬದಲು ಮಾಡುತ್ತಾರೆ. ನಾವು ಓದುವಾಗ ಬಿರುದಿನಲ್ಲಿ ಇರುವುದು ಇವುಗಳಲ್ಲಿ ಯಾವುದು ಎಂದು ಕೇಳಿಕೊಳ್ಳಬೇಕು.

ಗುಡುಗಿನಿಂದ ಶುರು ಮಾಡೋಣ. ಟೊನಾನ್ಸ್ ಬಿರುದಿಗೆ ಗುಡಿ ಕಟ್ಟಿಸಿದವನು ಚಕ್ರವರ್ತಿ ಅಗಸ್ಟಸ್. ಸ್ಪೇನಿನ ಕ್ಯಾಂಟಾಬ್ರಿಯನ್ ಯುದ್ಧದ ವೇಳೆ ರಾತ್ರಿ ಪಯಣದಲ್ಲಿ ಸಿಡಿಲು ಅವನ ಪಲ್ಲಕ್ಕಿಯನ್ನು ಸವರಿಕೊಂಡು ಹೋಗಿ, ಮುಂದೆ ದೀವಟಿಗೆ ಹಿಡಿದಿದ್ದ ಗುಲಾಮನನ್ನು ಕೊಂದಿತು. ಬದುಕಿ ಉಳಿದ ಅಗಸ್ಟಸ್ ಹರಕೆ ಹೊತ್ತು ಕ್ಯಾಪಿಟೊಲೈನ್ ಮೇಲೆ ಗುಡಿ ಕಟ್ಟಿಸಿದ, ಕ್ರಿ.ಪೂ. 22ರ ಸೆಪ್ಟೆಂಬರ್ 1ರಂದು ಅದರ ಪ್ರತಿಷ್ಠೆಯಾಯಿತು. ಆ ಮನುಷ್ಯನಿಗೆ ಗುಡುಗು ಸಿಡಿಲೆಂದರೆ ಎಷ್ಟು ಭಯವೆಂದರೆ ಸೀಲ್ ಪ್ರಾಣಿಯ ಚರ್ಮವನ್ನು ರಕ್ಷೆಯಾಗಿ ಜೊತೆಯಲ್ಲಿ ಒಯ್ಯುತ್ತಿದ್ದ, ಬಿರುಗಾಳಿಯ ಸೂಚನೆ ಕಂಡರೆ ನೆಲಮಾಳಿಗೆ ಸೇರುತ್ತಿದ್ದ ಎಂದು ಸ್ವೆಟೋನಿಯಸ್ ದಾಖಲಿಸಿದ್ದಾನೆ.

ಮುಂದೆ ನಡೆದದ್ದು ಬಿರುದುಗಳ ಬಗ್ಗೆ ರೋಮನ್ನರೇ ಹೇಗೆ ಯೋಚಿಸುತ್ತಿದ್ದರು ಎಂಬುದಕ್ಕೆ ಸಾಕ್ಷಿ. ಹೊಸ ಗುಡಿಗೆ ಅಗಸ್ಟಸ್ ಮೇಲಿಂದ ಮೇಲೆ ಹೋಗತೊಡಗಿದಾಗ ಕನಸಿನಲ್ಲಿ ಕ್ಯಾಪಿಟಲ್‌ನ ಹಳೆಯ ಜೂಪಿಟರ್ ಬಂದು, ನನ್ನ ಭಕ್ತರನ್ನು ಕಿತ್ತುಕೊಳ್ಳುತ್ತಿದ್ದಾರೆ ಎಂದು ದೂರಿದ. ಟೊನಾನ್ಸ್‌ನನ್ನು ನಿನ್ನ ಬಾಗಿಲು ಕಾಯಲು ಇಟ್ಟಿದ್ದೇನೆ ಎಂದು ಅಗಸ್ಟಸ್ ಉತ್ತರಿಸಿದ. ಎದ್ದ ಮೇಲೆ, ಮನೆಬಾಗಿಲಲ್ಲಿ ಇರುವ ಹಾಗೆ ಆ ಗುಡಿಯ ಮುಡಿಗೆ ಗಂಟೆಗಳನ್ನು ತೂಗಿಸಿದ. ಒಂದೇ ಬೆಟ್ಟದ ಮೇಲೆ ಇಬ್ಬರು ಜೂಪಿಟರ್, ಒಬ್ಬನಿಗೆ ಇನ್ನೊಬ್ಬನ ಮೇಲೆ ಅಸಮಾಧಾನ! ಬಿರುದು ಬದಲಾದರೆ ಪೂಜೆಯ ಮಟ್ಟಿಗೆ ದೇವರೂ ಬೇರೆಯಾಗುತ್ತಿದ್ದ. ‘ಎಲ್ಲ ಒಂದೇ, ಹೆಸರು ಮಾತ್ರ ಬೇರೆ’ ಎಂದು ಇಲ್ಲಿ ಹೇಳಿ ಮುಗಿಸಬೇಡಿ.

ಇನ್ನು ಮಿಂಚು. ಹಗಲಿನ ಮಿಂಚು ಜೂಪಿಟರ್‌ನದು, ರಾತ್ರಿಯದು ಸುಮ್ಮಾನಸ್ ಎಂಬ ದೇವರದು ಎಂದು ರೋಮನ್ ಲೇಖಕ ಪ್ಲಿನಿ ಬರೆಯುತ್ತಾನೆ. ಫುಲ್ಗುರ್‌ನ ಹಬ್ಬ ಅಕ್ಟೋಬರ್ 7ರಂದು. ಅವನ ಗುಡಿಗೆ ಮಾಡು ಇರಬಾರದು, ಆಕಾಶಕ್ಕೆ ತೆರೆದಿರಬೇಕು ಎಂದು ವಾಸ್ತುಶಿಲ್ಪಿ ವಿಟ್ರುವಿಯಸ್ ಹೇಳುತ್ತಾನೆ. ಸುಮ್ಮಾನಸ್‌ಗೆ ಗುಡಿ ಬಂದದ್ದು ಗ್ರೀಕ್ ರಾಜ ಪಿರ್ಹಸ್ ಜೊತೆಗಿನ ಯುದ್ಧದ ಕಾಲದಲ್ಲಿ. ಮಹಾದೇವಾಲಯದ ಮಾಡಿನ ಮೇಲಿದ್ದ ಅವನ ಮಣ್ಣಿನ ವಿಗ್ರಹಕ್ಕೆ ಸಿಡಿಲು ಬಡಿದು ರುಂಡ ಕಾಣೆಯಾಯಿತು. ಹುಡುಕಿದಾಗ ಟೈಬರ್ ನದಿಯಲ್ಲಿ ಸಿಕ್ಕಿತು. ಅವನನ್ನು ಪ್ರತ್ಯೇಕ ದೇವರಾಗಿ ಪೂಜಿಸುತ್ತಿದ್ದರಾದ್ದರಿಂದ ನಿಮ್ಮ ಪಟ್ಟಿಯಲ್ಲಿ ಸುಮ್ಮಾನಸ್‌ಗೆ ಜೂಪಿಟರ್‌ನ ಪಕ್ಕದ ಸಾಲು ಕೊಡಿ, ಅವನ ಕೆಳಗಿನ ಸಾಲಲ್ಲ.

ಈ ಹಗಲು ರಾತ್ರಿಯ ಭೇದ ಪುಸ್ತಕದಲ್ಲಿ ಉಳಿದ ಮಾತಲ್ಲ. ಸಿಡಿಲು ನೆಲಕ್ಕೆ ಬಡಿದರೆ ಅದನ್ನು ಸಮಾಧಿ ಮಾಡುವ ವಿಧಿ ಇತ್ತು. ಬಡಿದ ಜಾಗದ ಕುರುಹುಗಳನ್ನು ಹೂತು, ಕುರಿ ಬಲಿಕೊಟ್ಟು, ಸುತ್ತ ಕಟ್ಟೆ ಕಟ್ಟಿ, ಯಾರೂ ತುಳಿಯದಂತೆ ಕಾಯುತ್ತಿದ್ದರು. ಅಂಥ ಕಲ್ಲುಗಳ ಮೇಲೆ ‘ಫುಲ್ಗುರ್ ಡಿಯುಮ್ ಕಾಂಡಿಟುಮ್’ ಎಂದಿದ್ದರೆ ಹಗಲಿನ ಸಿಡಿಲನ್ನು ಇಲ್ಲಿ ಹೂಳಲಾಗಿದೆ ಎಂದರ್ಥ. ‘ಸುಮ್ಮಾನುಮ್’ ಎಂದಿದ್ದರೆ ಅದು ರಾತ್ರಿಯದು. ಇಲ್ಲಿ ‘ಫುಲ್ಗುರ್’ ಪದವನ್ನು ಸಿಡಿಲಿಗೇ ಬಳಸಿರುವುದನ್ನೂ ಗಮನಿಸಿ. ಈ ಶಾಸ್ತ್ರದ ಗುರುಗಳು ರೋಮಿನ ಉತ್ತರದ ನೆರೆಯವರಾದ ಎಟ್ರುಸ್ಕನ್ನರು. ಅವರ ಪ್ರಕಾರ ಆಕಾಶಕ್ಕೆ 16 ಭಾಗ, ಜೂಪಿಟರ್‌ನ ಕೈಯಲ್ಲಿ ಮೂರು ಬಗೆಯ ಸಿಡಿಲು. ಮೊದಲನೆಯದನ್ನು ಅವನೇ ನಿರ್ಧರಿಸಿ ಎಸೆಯುತ್ತಾನೆ, ಅದು ಎಚ್ಚರಿಕೆ ಮಾತ್ರ. ಎರಡನೆಯದಕ್ಕೆ 12 ದೇವತೆಗಳ ಸಲಹೆ ಬೇಕು. ಎಲ್ಲವನ್ನೂ ಹಾಳುಗೆಡವುವ ಮೂರನೆಯದಕ್ಕೆ ಅವನಿಗಿಂತ ಮೇಲಿನ, ಮುಸುಕಿನಲ್ಲಿರುವ ದೇವತೆಗಳ ಒಪ್ಪಿಗೆ ಬೇಕು. ಇದನ್ನು ವಿವರಿಸಿದವನು ಸೆನೆಕ.

ಕೊನೆಯದಾಗಿ ಎಲಿಸಿಯಸ್. ‘ಎಲಿಸೆರೆ’ ಎಂದರೆ ಹೊರಗೆ ಸೆಳೆಯುವುದು, ಕರೆದು ಇಳಿಸುವುದು. ಕವಿ ಓವಿಡ್ ಹೇಳುವ ಕಥೆಯಲ್ಲಿ ರಾಜ ನೂಮಾ ಅವೆಂಟೈನ್ ಬೆಟ್ಟದ ಅಡಿಯಲ್ಲಿ ಪೈಕಸ್, ಫಾನಸ್ ಎಂಬ ವನದೇವತೆಗಳಿಗೆ ದ್ರಾಕ್ಷಾರಸ ಕುಡಿಸಿ, ಕಟ್ಟಿಹಾಕಿ, ಜೂಪಿಟರ್‌ನನ್ನು ಭೂಮಿಗೆ ಇಳಿಸುವ ಉಪಾಯ ಪಡೆಯುತ್ತಾನೆ. ಸಿಡಿಲಿಗೆ ಶಾಂತಿ ಏನು ಎಂದು ಇಳಿದುಬಂದ ದೇವರನ್ನು ಕೇಳುತ್ತಾನೆ. ‘ತಲೆ ಕತ್ತರಿಸು’ ಎನ್ನುತ್ತಾನೆ ಜೂಪಿಟರ್. ‘ಆಗಲಿ, ನನ್ನ ತೋಟದ ಈರುಳ್ಳಿಯದು.’ ‘ಮನುಷ್ಯನದು.’ ‘ಸರಿ, ಕೂದಲ ತುದಿ.’ ‘ಜೀವ ಬೇಕು.’ ‘ಮೀನಿನದು.’ ದೇವರು ನಕ್ಕು ಒಪ್ಪಿಕೊಂಡ. ನರಬಲಿಯನ್ನು ಮಾತಿನಲ್ಲೇ ತಪ್ಪಿಸಿದ ಈ ರಾಜನ ಮೇಲೆ ಓದಿದಾಗಲೆಲ್ಲ ಗೌರವ ಮೂಡುತ್ತದೆ. ಮುಂದಿನ ರಾಜ ಟುಲ್ಲಸ್ ಹಾಸ್ಟಿಲಿಯಸ್ ಅದೇ ಎಲಿಸಿಯಸ್‌ನನ್ನು ವಿಧಿ ತಪ್ಪಿ ಕರೆದು, ಸಿಡಿಲು ಬಡಿದು ಮನೆಯೊಂದಿಗೆ ಸುಟ್ಟುಹೋದ ಎನ್ನುತ್ತಾನೆ ಲಿವಿ. ಎರಡು ಕಥೆಯನ್ನೂ ಒಟ್ಟಿಗೆ ಓದಿ. ಒಂದರಲ್ಲಿ ದೇವರು ಬಂದ ಬಗೆ ಇದೆ, ಇನ್ನೊಂದರಲ್ಲಿ ತಪ್ಪಾಗಿ ಕರೆದರೆ ಏನಾಗುತ್ತದೆ ಎಂಬುದಿದೆ.

5. ಎರಡು ವ್ಯುತ್ಪತ್ತಿ ಸಿಕ್ಕರೆ ಎರಡನ್ನೂ ಇಟ್ಟುಕೊಳ್ಳಿ

ಫೆರೆಟ್ರಿಯಸ್‌ನ ಗುಡಿ ರೋಮಿನ ಅತ್ಯಂತ ಹಳೆಯದು ಎಂಬ ನಂಬಿಕೆಯಿತ್ತು. ರೋಮನ್ ಸೇನಾನಿ ಶತ್ರುಸೇನೆಯ ನಾಯಕನನ್ನು ತನ್ನ ಕೈಯಾರೆ ಕೊಂದರೆ, ಅವನ ಮೈಮೇಲಿನ ಕವಚ ಆಯುಧಗಳನ್ನು ಇಲ್ಲಿ ಅರ್ಪಿಸಬೇಕು. ರೋಮನ್ನರ ಲೆಕ್ಕದಲ್ಲಿ ಇದು ನಡೆದದ್ದು ಮೂರೇ ಸಲ: ರೊಮುಲಸ್, ಕಾರ್ನೀಲಿಯಸ್ ಕಾಸಸ್, ಮತ್ತು ಕ್ರಿ.ಪೂ. 222ರಲ್ಲಿ ಗಾಲ್ ನಾಯಕ ವಿರಿಡೊಮಾರಸ್‌ನನ್ನು ಕೊಂದ ಮಾರ್ಸೆಲಸ್. ಬಿರುದು ‘ಫೆರ್ರೆ’ಯಿಂದ (ಹೊತ್ತು ತರು) ಬಂತೋ ‘ಫೆರೀರೆ’ಯಿಂದ (ಹೊಡೆ) ಬಂತೋ ಎಂಬ ಪ್ರಶ್ನೆ ಅಗಸ್ಟಸ್‌ನ ಕಾಲಕ್ಕೇ ಇತ್ತು. ಕವಿ ಪ್ರಾಪರ್ಟಿಯಸ್ ಎರಡನ್ನೂ ಕೊಟ್ಟು ಸುಮ್ಮನಾಗುತ್ತಾನೆ. ನೀವೂ ಹಾಗೇ ಮಾಡಿ. ಅದೇ ಗುಡಿಯಲ್ಲಿ ಒಂದು ಬೆಣಚುಕಲ್ಲು ಇತ್ತು. ಒಪ್ಪಂದ ಮಾಡುವ ಫೀಶಿಯಲ್ ಪುರೋಹಿತರು ಬೆಣಚುಕಲ್ಲಿನಿಂದ ಹಂದಿಯನ್ನು ಹೊಡೆದು, ರೋಮ್ ಮೊದಲು ಮಾತು ತಪ್ಪಿದರೆ ಜೂಪಿಟರ್ ರೋಮನ್ನರನ್ನು ಹೀಗೇ ಹೊಡೆಯಲಿ ಎಂದು ಆಣೆಯಿಡುತ್ತಿದ್ದರು. ಇದು ಗೊತ್ತಿದ್ದವರಿಗೆ ‘ಹೊಡೆಯುವವನು’ ಎಂಬ ಅರ್ಥವನ್ನು ತಳ್ಳಿಹಾಕುವುದು ಕಷ್ಟ.

ಪಿಸ್ಟರ್ ಎಂದರೆ ರೊಟ್ಟಿ ಸುಡುವವನು. ಗಾಲರು ಕ್ಯಾಪಿಟಲ್‌ಗೆ ಮುತ್ತಿಗೆ ಹಾಕಿದ್ದಾಗ, ಒಳಗೆ ಹಸಿವಿದ್ದರೂ ಗೋಡೆಯ ಮೇಲಿಂದ ರೊಟ್ಟಿಗಳನ್ನು ಎಸೆದು, ನಮ್ಮಲ್ಲಿ ದವಸ ಬೇಕಾದಷ್ಟಿದೆ ಎಂದು ಶತ್ರುವನ್ನು ನಂಬಿಸಿದರು; ಆ ಉಪಾಯ ಹೇಳಿಕೊಟ್ಟ ಜೂಪಿಟರ್‌ಗೆ ಈ ಹೆಸರು ಎನ್ನುತ್ತಾನೆ ಓವಿಡ್. ಆದರೆ ಪದದ ಧಾತುವಿಗೆ ಕುಟ್ಟು, ಪುಡಿಮಾಡು ಎಂಬ ಅರ್ಥವಿದೆ. ಸಿಡಿಲಿನಿಂದ ಪುಡಿಗಟ್ಟುವ ದೇವರೇ ಮೊದಲಿನವನು, ರೊಟ್ಟಿಯ ಕಥೆ ಆಮೇಲೆ ಸೇರಿದ್ದು ಎಂದು ಊಹಿಸಿದ ವಿದ್ವಾಂಸರಿದ್ದಾರೆ. ಬೇರು ಹುಡುಕುವ ಉತ್ಸಾಹದಲ್ಲಿ ಕಥೆಯನ್ನು ಎಸೆದುಬಿಡಬೇಡಿ. ಜನ ಪೂಜಿಸಿದ್ದು ಆ ಕಥೆಯನ್ನು ನಂಬಿ.

6. ಊರಿನ ಬಿರುದು, ಹೊರಗಿನಿಂದ ಬಂದ ಬಿರುದು

ಬಿರುದು ಜಾಗದ ಹೆಸರಾಗಿದ್ದರೆ ಭೂಪಟ ತೆಗೆಯಿರಿ. ಲಾಟಿಯಾರಿಸ್ ಎಂದರೆ ಲ್ಯಾಟಿನ್ ಜನಾಂಗದ ಜೂಪಿಟರ್. ಅವನ ನೆಲೆ ಆಲ್ಬನ್ ಬೆಟ್ಟ, ಈಗಿನ ಮಾಂಟೆ ಕಾವೊ. ವರ್ಷಕ್ಕೊಮ್ಮೆ ಲ್ಯಾಟಿನ್ ಊರುಗಳೆಲ್ಲ ಅಲ್ಲಿ ಸೇರಿ ಬಲಿಯ ಮಾಂಸವನ್ನು ಹಂಚಿಕೊಳ್ಳಬೇಕು. ಕ್ರಿ.ಪೂ. 199ರಲ್ಲಿ ಆರ್ಡಿಯಾ ಊರಿನವರು ತಮಗೆ ಪಾಲು ಸಿಗಲಿಲ್ಲ ಎಂದು ಸೆನೆಟ್‌ಗೆ ದೂರು ಕೊಟ್ಟಾಗ ಹಬ್ಬವನ್ನೇ ಮತ್ತೆ ಮಾಡಬೇಕಾಯಿತು.

ಸಾಮ್ರಾಜ್ಯ ಹರಡಿದಂತೆ ಬೇರೆ ನಾಡುಗಳ ಆಕಾಶದೇವರುಗಳಿಗೂ ಜೂಪಿಟರ್ ಎಂಬ ಹೆಸರು ಬಂತು. ಡೊಲಿಕೇನಸ್ ಈಗಿನ ಟರ್ಕಿಯ ಡೊಲಿಕೆ ಊರಿನವನು, ಗೂಳಿಯ ಮೇಲೆ ನಿಂತು ಜೋಡಿಕೊಡಲಿ ಮತ್ತು ಸಿಡಿಲು ಹಿಡಿದಿರುತ್ತಾನೆ. ಹೀಲಿಯೊಪೊಲಿಟಾನಸ್ ಲೆಬನಾನಿನ ಬಾಲ್ಬೆಕ್‌ನವನು. ಆಲ್ಪ್ಸ್‌ನ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆದಾರಿಯಲ್ಲಿ ಪೀನೈನಸ್‌ಗೆ ಪ್ರಯಾಣಿಕರು ಅರ್ಪಿಸಿದ ಕಂಚಿನ ಫಲಕಗಳು ಸಿಕ್ಕಿವೆ. ಇಂಥ ಬಿರುದು ಕಂಡಾಗ ರೋಮನ್ ಕಥೆಗಳನ್ನು ಹುಡುಕಬೇಡಿ, ಆ ನಾಡಿನ ದೇವರನ್ನು ಹುಡುಕಿ.

7. ಕಲ್ಲು ಮತ್ತು ನಾಣ್ಯ ಓದುವುದು

ಶಾಸನಗಳಲ್ಲಿ ಜಾಗ ಉಳಿಸಲು ಮೊದಲ ಅಕ್ಷರಗಳನ್ನಷ್ಟೇ ಕೆತ್ತುತ್ತಿದ್ದರು. ಎರಡು ಗುಂಪು ಬಾಯಿಪಾಠ ಮಾಡಿಕೊಂಡರೆ ನೂರಾರು ಕಲ್ಲುಗಳು ತೆರೆದುಕೊಳ್ಳುತ್ತವೆ. ಮೇಲಿನ ಸಾಲಿನಲ್ಲಿ ‘ಐ ಓ ಎಂ’ ಇದ್ದರೆ ‘ಯೊವಿ ಆಪ್ಟಿಮೋ ಮ್ಯಾಕ್ಸಿಮೋ’. ಕೊನೆಯಲ್ಲಿ ‘ವಿ ಎಸ್ ಎಲ್ ಎಂ’ ಇದ್ದರೆ, ಹರಕೆಯನ್ನು ಮನಸಾರೆ, ಸಲ್ಲಬೇಕಾದಂತೆ ತೀರಿಸಿದ ಎಂದರ್ಥ.

ಈಗ, ಶುರುವಿನಲ್ಲಿ ಹೇಳಿದ್ದ ಆ ಬಲಿಪೀಠ. ಇಂಗ್ಲೆಂಡಿನ ವಾಯವ್ಯ ಕರಾವಳಿಯ ಮೇರಿಪೋರ್ಟ್‌ನಲ್ಲಿ ರೋಮನ್ ಕೋಟೆಯ ಹೊರಗೆ 1870ರಲ್ಲಿ 17 ಬಲಿಪೀಠಗಳು ಒಟ್ಟಿಗೆ ಸಿಕ್ಕವು. ಆ ಊರಿನ ಬಲಿಪೀಠಗಳಲ್ಲಿ ಒಂದರ ಬರಹ ಹೀಗಿದೆ: ‘ಐ ಓ ಎಂ, ಕೊಹ್ ಐ ಹಿಸ್ಪಾ, ಕುಯಿ ಪ್ರೈ, ಎಂ ಮೈನಿ ಅಗ್ರಿಪ್, ಟ್ರಿಬು, ಪೊಸ್’. ಮೊದಲ ಮೂರು ಅಕ್ಷರ ನಿಮಗೆ ಗೊತ್ತು. ‘ಕೊಹ್’ ಎಂದರೆ ಕೊಹಾರ್ಸ್, ಸೇನೆಯ ತುಕಡಿ. ಅದರ ಪಕ್ಕದ ‘ಐ’ ಅಕ್ಷರವಲ್ಲ, ಒಂದು ಎಂಬ ಅಂಕಿ. ‘ಹಿಸ್ಪಾ’ ಸ್ಪೇನಿನವರ ಎಂಬುದರ ಮೊಟಕು. ‘ಕುಯಿ ಪ್ರೈ’ ಎಂದರೆ ಅದಕ್ಕೆ ಮುಖ್ಯಸ್ಥನಾಗಿರುವ. ‘ಎಂ’ ಮಾರ್ಕಸ್, ‘ಟ್ರಿಬು’ ಟ್ರಿಬ್ಯೂನ್ ಎಂಬ ಸೇನಾಧಿಕಾರಿ, ‘ಪೊಸ್’ ಸ್ಥಾಪಿಸಿತು. ಕೂಡಿಸಿ ಓದಿ: ಜೂಪಿಟರ್ ಆಪ್ಟಿಮಸ್ ಮ್ಯಾಕ್ಸಿಮಸ್‌ಗೆ, ಟ್ರಿಬ್ಯೂನ್ ಮಾರ್ಕಸ್ ಮೈನಿಯಸ್ ಅಗ್ರಿಪ್ಪಾ ಮುಖ್ಯಸ್ಥನಾಗಿರುವ ಸ್ಪೇನಿನವರ ಮೊದಲ ತುಕಡಿ ಇದನ್ನು ಸ್ಥಾಪಿಸಿತು. ಇಲ್ಲಿ ಹರಕೆಯ ಮಾತಿಲ್ಲ. ಇದು ಇಡೀ ತುಕಡಿಯ ಹೆಸರಿನಲ್ಲಿ ಆದ ಅರ್ಪಣೆ. ರೋಮಿನ ಬೆಟ್ಟದ ಮೇಲಿನ ಬಿರುದು ಸ್ಪೇನಿನ ಹೆಸರು ಹೊತ್ತ ಸೈನಿಕರ ಜೊತೆ ಬ್ರಿಟನ್ನಿನ ಕಡಲಂಚಿಗೆ ಬಂದು ನಿಂತಿದೆ.

ಕಲ್ಲು ಸಿಕ್ಕ ಜಾಗದ ಬಗ್ಗೆ ಆತುರ ಬೇಡ. 1870ರ ಬಲಿಪೀಠಗಳನ್ನು ಸೈನಿಕರು ವರ್ಷಕ್ಕೊಂದರಂತೆ ವಿಧಿಪೂರ್ವಕ ಹೂಳುತ್ತಿದ್ದರು ಎಂದು ಬಹುಕಾಲ ನಂಬಿದ್ದರು. 2011ರಿಂದ ಮತ್ತೆ ಅಗೆದಾಗ, ಮುಂದಿನ ಕಾಲದ ದೊಡ್ಡ ಮರದ ಕಟ್ಟಡಗಳ ಕಂಬದ ಗುಂಡಿಗಳಿಗೆ ಅವನ್ನು ತುಂಬುಗಲ್ಲಾಗಿ ಬಳಸಿದ್ದು ತಿಳಿಯಿತು.

ನಾಣ್ಯದಲ್ಲಿ ಓದು ಇನ್ನೂ ಸುಲಭ. ಅಗಸ್ಟಸ್‌ನ ಒಂದು ಬೆಳ್ಳಿಯ ಡೆನೇರಿಯಸ್ ಮೇಲೆ ಆರು ಕಂಬದ ಗುಡಿ, ಒಳಗೆ ನಿಂತ ದೇವರು, ಪಕ್ಕದಲ್ಲಿ ‘ಯೊವ್ ಟೊನ್’ ಎಂಬ ಅಕ್ಷರಗಳಿವೆ. ಗಂಟೆ ತೂಗಿಸಿದ ಗುಡಿ ಅದೇ. ಅಗಸ್ಟಸ್‌ನ ಕಾಲದ ಡೆನೇರಿಯಸ್‌ಗಳು ನಮ್ಮ ನಾಡಿಗೂ ಬಂದಿವೆ: ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ಸಿಕ್ಕಿವೆ, 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿಯೇ ಸಿಕ್ಕಿತು. ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ದೊರೆಯುವುದು ಅಗಸ್ಟಸ್‌ನ ಮೊಮ್ಮಕ್ಕಳಾದ ಗೇಯಸ್ ಮತ್ತು ಲೂಸಿಯಸ್ ನಿಂತಿರುವ ಮಾದರಿ. ಗುಡಿಯ ಚಿತ್ರ ಇಲ್ಲದ್ದಕ್ಕೆ ಬೇಸರಿಸಬೇಡಿ. ಮೊಟಕು ಅಕ್ಷರ ಓದುವ ಅಭ್ಯಾಸಕ್ಕೆ ಅದೂ ಒಳ್ಳೆಯದೇ.

8. ಅಭ್ಯಾಸಕ್ಕೆ ಒಬ್ಬ ಮನುಷ್ಯ, ಎರಡು ಬಿರುದು

ಒಂದು ನೋಟ್‌ಬುಕ್ ಇಟ್ಟು ಪ್ರತಿ ಬಿರುದಿಗೆ ಒಂದು ಪುಟ ಕೊಡಿ. ಪದ, ಅದರ ಬಾಲ, ಕೂಗಿದವನು, ಕೂಗಿದ ಸಂದರ್ಭ, ಗುಡಿಯೋ ಕಲ್ಲೋ ಇರುವ ಜಾಗ, ಮತ್ತು ಇದನ್ನು ನಮಗೆ ಹೇಳಿದ ಲೇಖಕ ಘಟನೆಗೆ ಎಷ್ಟು ಹತ್ತಿರದವನು ಎಂದು ಬರೆಯಿರಿ. ರೊಮುಲಸ್‌ನ ಹರಕೆಯನ್ನು ಲಿವಿ ಬರೆದದ್ದು ಏಳು ಶತಮಾನ ಕಳೆದ ಮೇಲೆ. ನೀರೋನ ಕಠಾರಿಯ ಬಗ್ಗೆ ಬರೆದ ಟಾಸಿಟಸ್ ಆಗ ಚಿಕ್ಕ ಹುಡುಗನಾಗಿದ್ದ. ಎರಡಕ್ಕೂ ಒಂದೇ ತೂಕ ಕೊಡಲಾಗದು.

ಕಾನ್ಸರ್ವೇಟರ್ ಮತ್ತು ಕಸ್ಟೋಸ್ ಬಿರುದುಗಳಿಂದ ಶುರು ಮಾಡಿ. ಮೊದಲನೆಯದು ಕಾಪಾಡಿದವನು, ಎರಡನೆಯದು ಕಾವಲುಗಾರ. ಕನ್ನಡದಲ್ಲಿ ಎರಡಕ್ಕೂ ‘ರಕ್ಷಕ’ ಎಂದು ಬರೆದುಬಿಡಬಹುದು, ಹಾಗೆ ಮಾಡಿದರೆ ಕಥೆ ಕಳೆದುಹೋಗುತ್ತದೆ. ಕ್ರಿ.ಶ. 69ರ ಅಂತರ್ಯುದ್ಧದಲ್ಲಿ ಕ್ಯಾಪಿಟಲ್‌ಗೆ ಬೆಂಕಿ ಬಿದ್ದಾಗ 18ರ ಹುಡುಗ ಡೊಮಿಷಿಯನ್ ಗುಡಿಯ ಪರಿಚಾರಕನ ಕೋಣೆಯಲ್ಲಿ ಅಡಗಿ, ನಾರುಬಟ್ಟೆ ತೊಟ್ಟು, ಪೂಜೆಗೆ ಹೊರಟವರ ಗುಂಪಿನಲ್ಲಿ ಬೆರೆತು ತಪ್ಪಿಸಿಕೊಂಡ. ತಂದೆ ವೆಸ್ಪೇಷಿಯನ್ ಚಕ್ರವರ್ತಿಯಾದ ಮೇಲೆ ಆ ಕೋಣೆಯನ್ನು ಕೆಡವಿ, ಅದೇ ಜಾಗದಲ್ಲಿ ಜೂಪಿಟರ್ ಕಾನ್ಸರ್ವೇಟರ್‌ಗೆ ಸಣ್ಣ ಗುಡಿ ಕಟ್ಟಿಸಿದ. ತಾನು ಪಾರಾದ ಕಥೆಯನ್ನು ಬಲಿಪೀಠದ ಅಮೃತಶಿಲೆಯಲ್ಲಿ ಕೆತ್ತಿಸಿದ. ಆಗಿಹೋದ ಒಂದು ಉಪಕಾರಕ್ಕೆ ಸಲ್ಲಿಸಿದ ಕೃತಜ್ಞತೆ ಅದು. ತಾನೇ ಚಕ್ರವರ್ತಿಯಾದಾಗ ದೊಡ್ಡ ದೇವಾಲಯ ಎಬ್ಬಿಸಿ ಜೂಪಿಟರ್ ಕಸ್ಟೋಸ್‌ಗೆ ಅರ್ಪಿಸಿದ. ಒಳಗಿನ ವಿಗ್ರಹದಲ್ಲಿ ದೇವರ ಮಡಿಲಲ್ಲಿ ಡೊಮಿಷಿಯನ್ ಇದ್ದ. ಹಗಲಿರುಳು ಕಾಯುವವನು ಬೇಕಾಗಿದ್ದ ಆ ಚಕ್ರವರ್ತಿಯನ್ನು ಕ್ರಿ.ಶ. 96ರಲ್ಲಿ ಅವನ ಅರಮನೆಯವರೇ ಇರಿದು ಕೊಂದರು.